ಸ್ಟೆಬಿಲೈಸೇಶನ್ ಆನ್ ಇದ್ದರೂ ಫೋಟೋ ಶೇಕ್: ದೋಣಿಯಲ್ಲಿ, ದೇವಸ್ಥಾನದೊಳಗೆ, ಟ್ರೈಪಾಡ್ ಮೇಲೆ

ಬೆಳ್ಳಕ್ಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೂರು ಸಂದರ್ಭಗಳ ಸೆಟ್ಟಿಂಗ್ ಕೊಡುತ್ತಿದ್ದೇನೆ. ಮೂರರಲ್ಲೂ ಲೆನ್ಸಿನ ಸ್ಟೆಬಿಲೈಸೇಶನ್ (ಕೈನಡುಕವನ್ನು ತಿದ್ದುವ ವ್ಯವಸ್ಥೆ) ಆನ್ ಇತ್ತು, ಮೂರರಲ್ಲೂ ಚಿತ್ರ ಅಲ್ಲಾಡಿದೆ. ಆದರೆ ಅಲ್ಲಾಡಿದ ರೀತಿ ಒಂದೇ ಅಲ್ಲ.

ಬಾಡಿ: 24 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ), ಎಪಿಎಸ್-ಸಿ ಸೆನ್ಸರ್ (ಫುಲ್ ಫ್ರೇಮಿಗಿಂತ 1.5 ಪಟ್ಟು ಚಿಕ್ಕದು, ಅದೇ 1.5 ಕ್ರಾಪ್), ಬಾಡಿಯೊಳಗೆ ಸ್ಟೆಬಿಲೈಸೇಶನ್ ಇಲ್ಲ. ಲೆನ್ಸ್: 18-55 ಮತ್ತು 70-300, ಎರಡರಲ್ಲೂ ಇದೆ, ಪೆಟ್ಟಿಗೆ ಮೇಲೆ ಬರೆದಿರುವುದು 4 ಸ್ಟಾಪ್.

1) ರಂಗನತಿಟ್ಟು, ದೋಣಿಯಿಂದ. ಫೋಕಲ್ ಲೆಂತ್ 300 ಮಿ.ಮೀ., ಶಟರ್ 1/60 ಸೆಕೆಂಡ್, ಅಪರ್ಚರ್ ಎಫ್/5.6, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 400. ಬಂಡೆ ಮೇಲೆ ಕೂತ ಹೆಜ್ಜಾರ್ಲೆ, ಸುಮಾರು 20 ಮೀಟರ್ ದೂರ. ಹೆಚ್ಚಿನ ಫ್ರೇಮ್‌ಗಳಲ್ಲಿ ಇಡೀ ಚಿತ್ರ ಅಡ್ಡಕ್ಕೆ ಎಳೆದಂತಿದೆ. ಕೆಲವದರಲ್ಲಿ ಬಂಡೆ ಶಾರ್ಪ್, ಹಕ್ಕಿಯ ಕೊಕ್ಕು ಮತ್ತು ತಲೆ ಮಾತ್ರ ಬ್ಲರ್.

2) ಬೇಲೂರು ದೇವಸ್ಥಾನ, ನವರಂಗದೊಳಗೆ (ಕಂಬಗಳ ಒಳಮಂಟಪ). 18 ಮಿ.ಮೀ., 1/8, ಎಫ್/4, ಐಎಸ್‌ಒ 1600, ಕೈಯಲ್ಲಿ ಹಿಡಿದು. ಚೌಕಟ್ಟಿನ ಮಧ್ಯದ ಕಂಬ ಚೆನ್ನಾಗಿ ಬಂದಿದೆ, ಮೂಲೆಗಳು ಬಿಲ್ಲಿನ ಹಾಗೆ ಎಳೆದುಕೊಂಡಿವೆ.

3) ನದಿ ದಡ, ಟ್ರೈಪಾಡ್ ಮೇಲೆ. 300 ಮಿ.ಮೀ., 1/20. ಅಡ್ಡ ಅಂಚುಗಳೆಲ್ಲ ಎರಡೆರಡಾಗಿ ಕಾಣುತ್ತವೆ, ಒಂದರ ಕೆಳಗೊಂದು.

ನನ್ನ ಲೆಕ್ಕ ಇಷ್ಟು: ಫೋಕಲ್ ಲೆಂತ್ × ಕ್ರಾಪ್ ಎಷ್ಟೋ, ಸೆಕೆಂಡಿನ ಅಷ್ಟನೇ ಒಂದು ಭಾಗ ಶಟರ್ ಬೇಕು ಎಂಬುದು ರೂಢಿಯ ಸೂತ್ರ. 300 × 1.5 = 450, ಹಾಗಾಗಿ ಸ್ಟೆಬಿಲೈಸೇಶನ್ ಇಲ್ಲದೆ 1/450 ಬೇಕು. 4 ಸ್ಟಾಪ್ ಎಂದರೆ ನಾಲ್ಕು ಸಲ ದುಪ್ಪಟ್ಟು, ಅಂದರೆ 16 ಪಟ್ಟು ಸಮಯ, ಅಲ್ಲಿಗೆ 1/28. ದೋಣಿಯಲ್ಲಿ 1/60 ಸಾಕಾಗಬೇಕಿತ್ತಲ್ಲವೇ? ಬಾಡಿಯಲ್ಲೇ ಸ್ಟೆಬಿಲೈಸೇಶನ್ ಇರುವ ಕ್ಯಾಮೆರಾಗೆ ಹೋದರೆ ಈ ಮೂರೂ ತೊಂದರೆ ಹೋಗುತ್ತವೆಯೇ?

ನಾಭಿದೂರ

ಬ್ಲರ್ ಹೇಗಿದೆ ಎಂದು ನೀವೇ ಬರೆದಿದ್ದೀರಿ, ಅರ್ಧ ಉತ್ತರ ಅಲ್ಲೇ ಇದೆ. ಇವು ಬೇರೆ ಬೇರೆ ಕಾರಣದವು, ಒಂದೇ ಮದ್ದು ಇಲ್ಲ. ಹೊಸ ಬಾಡಿಯಿಂದ ಎರಡನೆಯದು ಸರಿಹೋಗುತ್ತದೆ. ಮೂರನೆಯದಕ್ಕೆ ಹೊಸ ಬಾಡಿ ಬೇಡವೇ ಬೇಡ. ಮೊದಲನೆಯದು ಯಾವ ಬಾಡಿ ತಂದರೂ 1/60ರಲ್ಲಿ ಹೋಗುವುದಿಲ್ಲ.

ಮೊದಲು ಒಳಗೆ ಏನು ನಡೆಯುತ್ತದೆ ನೋಡಿ. ಲೆನ್ಸಿನಲ್ಲಿ ಎರಡು ಪುಟ್ಟ ಗೈರೋ ಸೆನ್ಸರ್ ಇರುತ್ತವೆ. ಒಂದು ಮೂತಿ ಮೇಲೆ-ಕೆಳಗೆ ಆಗುವುದನ್ನು ಅಳೆಯುತ್ತದೆ, ಇನ್ನೊಂದು ಎಡ-ಬಲ ತಿರುಗುವುದನ್ನು. ಪ್ರತಿಯೊಂದರೊಳಗೂ ಸದಾ ಕಂಪಿಸುತ್ತಿರುವ ಸಿಲಿಕಾನ್ ಚೂರು ಇದೆ. ಕ್ಯಾಮೆರಾ ತಿರುಗಿದಾಗ ಕೋರಿಯೊಲಿಸ್ ಬಲದಿಂದ ಆ ಚೂರು ಪಕ್ಕಕ್ಕೆ ವಾಲುತ್ತದೆ, ವಾಲಿದಷ್ಟು ವೋಲ್ಟೇಜ್ ಬದಲಾಗುತ್ತದೆ. ಅದರಿಂದ ಸಿಗುವುದು ತಿರುಗುವ ವೇಗ. ವೇಗವನ್ನು ಸಮಯದುದ್ದಕ್ಕೂ ಕೂಡುತ್ತಾ ಹೋದರೆ ಎಷ್ಟು ಕೋನ ತಿರುಗಿತು ಎಂದು ಗೊತ್ತಾಗುತ್ತದೆ. ಆ ಕೋನಕ್ಕೆ ತಕ್ಕಂತೆ ಕಾಯಿಲ್ ಮತ್ತು ಮ್ಯಾಗ್ನೆಟ್ ಸೇರಿ ಲೆನ್ಸಿನೊಳಗಿನ ಒಂದು ಗಾಜಿನ ಗುಂಪನ್ನು ಅಡ್ಡಕ್ಕೆ ಸರಿಸುತ್ತವೆ. ಸರಿಯಾದಷ್ಟು ಸರಿಯಿತೇ ಎಂದು ಹಾಲ್ ಸೆನ್ಸರ್ (ಮ್ಯಾಗ್ನೆಟ್‌ನ ಸೆಳೆತ ಅಳೆಯುವ ಸೆನ್ಸರ್) ನೋಡಿ ಹೇಳುತ್ತದೆ. ಇದೆಲ್ಲ ಸೆಕೆಂಡಿಗೆ ನೂರಾರು ಸಲ, ಕೆಲವು ಲೆನ್ಸ್‌ಗಳಲ್ಲಿ ಸಾವಿರಾರು ಸಲ. ಬಾಡಿಯ ಸ್ಟೆಬಿಲೈಸೇಶನ್‌ನಲ್ಲಿ ಗಾಜಿನ ಬದಲು ಇಮೇಜ್ ಸೆನ್ಸರನ್ನೇ ಸರಿಸುತ್ತಾರೆ, ಉಳಿದದ್ದು ಬಹುಪಾಲು ಇದೇ.

ಗಮನಿಸಿ: ಗೈರೋಗೆ ತಿಳಿಯುವುದು ತಿರುಗುವಿಕೆ ಮಾತ್ರ. ಕ್ಯಾಮೆರಾ ತಿರುಗದೆ, ಹಾಗೇ ಪಕ್ಕಕ್ಕೆ ಜರುಗಿದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ.

ದಡದಲ್ಲಿ ನಿಂತು ಕೈಯಲ್ಲಿ ಹಿಡಿದಾಗ ತಿರುಗುವಿಕೆಯೇ ದೊಡ್ಡ ಶತ್ರು. 0.01 ಡಿಗ್ರಿ ಎಂದರೆ ಕಣ್ಣಿಗೆ ಕಾಣದಷ್ಟು. ಆದರೆ 300 ಮಿ.ಮೀ.ನಲ್ಲಿ ಅದು ಸೆನ್ಸರ್ ಮೇಲೆ 52 ಮೈಕ್ರಾನ್ ಜರುಗುತ್ತದೆ. ನಿಮ್ಮ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಸುಮಾರು 3.9 ಮೈಕ್ರಾನ್, ಹಾಗಾಗಿ 13 ಪಿಕ್ಸೆಲ್ ಅಗಲದ ಬ್ಲರ್. ಇದನ್ನು ಸ್ಟೆಬಿಲೈಸೇಶನ್ ಚೆನ್ನಾಗಿ ತೆಗೆಯುತ್ತದೆ.

ದೋಣಿಯ ವಿಷಯ ಬೇರೆ. ದೋಣಿ ಸೆಕೆಂಡಿಗೆ 30 ಸೆಂ.ಮೀ. ಸಾಗುತ್ತಿದೆ ಎಂದುಕೊಳ್ಳಿ, ಅದು ನಿಧಾನ ನಡಿಗೆಗಿಂತಲೂ ಕಡಿಮೆ. 1/60 ಸೆಕೆಂಡಿನಲ್ಲಿ ನೀವು 5 ಮಿ.ಮೀ. ಜರುಗಿದಿರಿ. 20 ಮೀಟರ್ ದೂರದ ಹಕ್ಕಿಯನ್ನು 300 ಮಿ.ಮೀ. ಲೆನ್ಸ್ ಸೆನ್ಸರ್ ಮೇಲೆ 0.015 ಪಟ್ಟು ಗಾತ್ರದಲ್ಲಿ ಮೂಡಿಸುತ್ತದೆ. 5 × 0.015 = 0.075 ಮಿ.ಮೀ., ಅಂದರೆ 75 ಮೈಕ್ರಾನ್, 19 ಪಿಕ್ಸೆಲ್. ನಿಮ್ಮ ‘ಅಡ್ಡಕ್ಕೆ ಎಳೆದಂತೆ’ ಇದೇ. ಇಷ್ಟರಲ್ಲಿ ಗೈರೋ ಕಂಡದ್ದು ಸೊನ್ನೆ. ಹುಟ್ಟು ಹಾಕುವುದನ್ನು ನಿಲ್ಲಿಸಿ ದೋಣಿ ಸೆಕೆಂಡಿಗೆ 5 ಸೆಂ.ಮೀ.ಗೆ ಇಳಿದರೂ 1/60ರಲ್ಲಿ 3 ಪಿಕ್ಸೆಲ್ ಉಳಿಯುತ್ತದೆ.

ಇನ್ನೂ ಒಂದಿದೆ. ದೋಣಿಯ ಓಲಾಟ ನಿಧಾನದ್ದು, ಎರಡು ಮೂರು ಸೆಕೆಂಡಿಗೊಮ್ಮೆ. ಕೈನಡುಕ ಸೆಕೆಂಡಿಗೆ ಹಲವು ಸಲ, ಹೆಚ್ಚಾಗಿ 10ರ ಆಸುಪಾಸಿನವರೆಗೆ. ಒಂದೇ ದಿಕ್ಕಿಗೆ ನಿಧಾನವಾಗಿ, ಬಿಡದೆ ತಿರುಗಿದರೆ ‘ಇವರು ಬೇಕೆಂದೇ ಕ್ಯಾಮೆರಾ ತಿರುಗಿಸುತ್ತಿದ್ದಾರೆ’ ಎಂದು ಸ್ಟೆಬಿಲೈಸೇಶನ್ ಕೈಬಿಡುವಂತೆ ಮಾಡಿರುತ್ತಾರೆ. ಹಾಗೆ ಮಾಡದಿದ್ದರೆ ನೀವು ಹಕ್ಕಿಯ ಕಡೆ ತಿರುಗುವಾಗಲೆಲ್ಲ ವ್ಯೂಫೈಂಡರ್ ಹಟ ಹಿಡಿದು ಹಿಂದೆ ಎಳೆಯುತ್ತಿತ್ತು. ಓಲಾಟ ಆ ಜರಡಿಯಲ್ಲಿ ಸೋರಿಹೋಗುತ್ತದೆ.

ಹಾಗಾಗಿ ದೋಣಿಯಲ್ಲಿ: ಹುಟ್ಟು ನಿಲ್ಲಿಸಿ ದೋಣಿ ಶಾಂತವಾಗುವವರೆಗೆ ಕಾಯಲು ದೋಣಿಯವರನ್ನು ಕೇಳಿಕೊಳ್ಳಿ. ಶಟರ್ 1/500ಕ್ಕೆ ಏರಿಸಿ, ಐಎಸ್‌ಒ 3200 ಆದರೂ ಪರವಾಗಿಲ್ಲ. ನಾಯ್ಸ್ ಕಡಿಮೆ ಮಾಡುವ ಸಾಫ್ಟ್‌ವೇರ್ ಇದೆ, 19 ಪಿಕ್ಸೆಲ್ ಎಳೆತವನ್ನು ಪೂರ್ತಿಯಾಗಿ ಮರಳಿ ಜೋಡಿಸುವುದು ಕಷ್ಟ. ಮೊಣಕೈಯನ್ನು ದೋಣಿಯ ಅಂಚಿಗೆ ಊರಬೇಡಿ. ಸೊಂಟದಿಂದ ಮೇಲಿನ ಮೈ ಸಡಿಲವಾಗಿದ್ದರೆ ಅದೇ ಶಾಕ್ ಅಬ್ಸಾರ್ಬರ್. ಟ್ರೈಪಾಡ್, ಮೋನೋಪಾಡ್ ದೋಣಿಯ ತಳಕ್ಕೆ ತಾಗಿಸಿದರೆ ದೋಣಿಯ ಅಲುಗಾಟವೆಲ್ಲ ನೇರವಾಗಿ ಲೆನ್ಸಿಗೆ ಬರುತ್ತದೆ.

ಬಂಡೆ ಶಾರ್ಪ್, ಕೊಕ್ಕು ಬ್ಲರ್ ಆದ ಫ್ರೇಮ್‌ಗಳಲ್ಲಿ ಸ್ಟೆಬಿಲೈಸೇಶನ್ ತನ್ನ ಕೆಲಸ ಪೂರ್ತಿ ಮಾಡಿದೆ. ಅಲ್ಲಾಡಿದ್ದು ಹಕ್ಕಿ. ಅದಕ್ಕೂ ಶಟರ್ ಸ್ಪೀಡೇ ಬೇಕು. ಕೂತ ಹಕ್ಕಿ ತಲೆ ಆಡಿಸುತ್ತಿದ್ದರೆ 1/250, ರೆಕ್ಕೆ ಬಡಿಯುತ್ತಿದ್ದರೆ 1/2000 ಮತ್ತು ಮೇಲೆ. ಯಕ್ಷಗಾನದ ಫೋಟೋಗಳಲ್ಲೂ ಇದೇ ತಪ್ಪು ಪದೇ ಪದೇ ನೋಡುತ್ತೇವೆ: 1/15ರಲ್ಲಿ ರಂಗಸ್ಥಳದ ಕಂಬ ಕಡೆದಿಟ್ಟಂತೆ ಬರುತ್ತದೆ, ವೇಷ ಮಂಜಾಗಿರುತ್ತದೆ.

1/500 ದಾಟಿದ ಮೇಲೆ ಸ್ಟೆಬಿಲೈಸೇಶನ್ ಆಫ್ ಮಾಡಿಬಿಡಿ.

ಎರಡನೇ_ಪರದೆ

ನಾಭಿದೂರ ಅವರ ದೋಣಿಯ ಲೆಕ್ಕ ಅಚ್ಚುಕಟ್ಟಾಗಿದೆ. ಕೊನೆಯ ಸಾಲು ಮಾತ್ರ ನಾನು ಒಪ್ಪುವುದಿಲ್ಲ. 1/500 ದಾಟಿದರೆ ಆಫ್ ಎನ್ನುವುದು ಹಳೆಯ ಲೆನ್ಸ್‌ಗಳ ಕಾಲದ ಮಾತು. ಎಕ್ಸ್‌ಪೋಶರ್ ಶುರುವಾಗುವ ಮುಂಚೆ ಗಾಜನ್ನು ಮಧ್ಯಕ್ಕೆ ತಂದು ಮತ್ತೆ ಹೊರಡುವ ಗಡಿಬಿಡಿಯಲ್ಲಿ ಕೆಲವು ಹಳೆಯ ಲೆನ್ಸ್‌ಗಳು ಸ್ವಲ್ಪ ಮೆದುವಾದ ಚಿತ್ರ ಕೊಡುತ್ತಿದ್ದವು. ಈಗಿನವುಗಳಲ್ಲಿ 1/2000ರಲ್ಲಿ ಲಾಭ ಹೆಚ್ಚಿಲ್ಲದಿದ್ದರೂ ನಷ್ಟವೂ ಕಾಣುವುದಿಲ್ಲ. ದೋಣಿಯಲ್ಲಿ ಆನ್ ಇಡಲು ಇನ್ನೊಂದು ಕಾರಣ: 300 ಮಿ.ಮೀ.ನಲ್ಲಿ ವ್ಯೂಫೈಂಡರ್ ಸ್ಥಿರವಾಗಿದ್ದರೆ ಫೋಕಸ್ ಪಾಯಿಂಟ್ ಕಣ್ಣಿನ ಮೇಲೇ ಕೂರುತ್ತದೆ. ಲೆನ್ಸಿನ ಸ್ಟೆಬಿಲೈಸೇಶನ್‌ನಲ್ಲಿ ಗಾಜು ಸರಿಯುವುದರಿಂದ ಆಟೋಫೋಕಸ್ ಸೆನ್ಸರಿಗೂ ನಿಂತ ಚಿತ್ರವೇ ಸಿಗುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಇದು ಸಣ್ಣ ವಿಷಯವಲ್ಲ.

ಮೋಡ್ ಸ್ವಿಚ್ ನೋಡಿಕೊಳ್ಳಿ. ಕ್ಯಾನನ್ ಲೆನ್ಸ್‌ಗಳಲ್ಲಿ ಮೋಡ್ 1 ಎರಡೂ ದಿಕ್ಕಿಗೆ, ಮೋಡ್ 2 ಪ್ಯಾನ್ ಮಾಡುವ (ಚಲಿಸುವ ವಸ್ತುವಿನ ಜೊತೆ ಕ್ಯಾಮೆರಾ ತಿರುಗಿಸುವ) ದಿಕ್ಕನ್ನು ಬಿಟ್ಟು ಇನ್ನೊಂದಕ್ಕೆ, ಮೋಡ್ 3 ಎಕ್ಸ್‌ಪೋಶರ್ ಹೊತ್ತಿಗೆ ಮಾತ್ರ. ನಿಕಾನ್‌ನಲ್ಲಿ ನಾರ್ಮಲ್, ಸ್ಪೋರ್ಟ್. ಕೆಲವು ಲೆನ್ಸ್‌ಗಳಲ್ಲಿ ಸ್ಪೋರ್ಟ್ ಬದಲು ಆಕ್ಟಿವ್ ಎಂದಿರುತ್ತದೆ. ಅದು ವಾಹನ, ದೋಣಿಯಂಥ ಅಲುಗಾಡುವ ಜಾಗದಿಂದ ತೆಗೆಯುವಾಗ ಬಳಸಲು. ಹಾರುವ ಹಕ್ಕಿಯನ್ನು ಹಿಂಬಾಲಿಸುವಾಗ ಮೋಡ್ 2 ಅಥವಾ 3, ಇಲ್ಲವೇ ಸ್ಪೋರ್ಟ್.

ಅರ್ಧ ಒತ್ತಿದ ತಕ್ಷಣ ಪೂರ್ತಿ ಒತ್ತಬೇಡಿ. ಹಳೆಯ ಲೆನ್ಸ್‌ಗಳಲ್ಲಿ ಗಾಜಿನ ಬೀಗ ಬಿಚ್ಚಿ ನೆಲೆಗೆ ಬರಲು ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡ್ ಹಿಡಿಯುತ್ತದೆ. ಆ ಹೊತ್ತಿನಲ್ಲಿ ತೆಗೆದದ್ದು ಸ್ಟೆಬಿಲೈಸೇಶನ್ ಇಲ್ಲದ್ದಕ್ಕಿಂತ ಕೆಟ್ಟದಾಗಿ ಬರಬಹುದು. ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಎಎಫ್-ಆನ್ ಗುಂಡಿಯಿಂದ ಫೋಕಸ್ ಮಾಡುವವರು ಇದನ್ನು ಕೇಳಿಸಿಕೊಳ್ಳಬೇಕು: ಆ ಗುಂಡಿ ಒತ್ತಿದರೆ ವಿಆರ್ (ನಿಕಾನ್ ಲೆನ್ಸಿನ ಸ್ಟೆಬಿಲೈಸೇಶನ್) ಶುರುವಾಗುವುದಿಲ್ಲ, ಶಟರ್ ಗುಂಡಿಯನ್ನು ಅರ್ಧ ಒತ್ತಿಹಿಡಿದಾಗ ಮಾತ್ರ.

ಈಗ ನಿಮ್ಮ ಮೂರನೆಯ ಚಿತ್ರ. ಎರಡೆರಡು ಅಂಚು, ಒಂದರ ಕೆಳಗೊಂದು, 1/20, ಟ್ರೈಪಾಡ್, ಡಿಎಸ್‌ಎಲ್‌ಆರ್. ಇಷ್ಟು ಓದಿದರೆ ಮೊದಲ ಅನುಮಾನ ಮಿರರ್ ಮೇಲೆ. ಕನ್ನಡಿ ಮೇಲಕ್ಕೆ ಬಡಿದ ಹೊಡೆತಕ್ಕೆ ಉದ್ದ ಲೆನ್ಸ್ ಇರುವ ಟ್ರೈಪಾಡ್ ಕೆಲವು ಹತ್ತು ಮಿಲಿಸೆಕೆಂಡ್ ಮೇಲೆ-ಕೆಳಗೆ ಆಡುತ್ತದೆ. 1/500 ಆದರೆ ಆ ಆಟದ ಒಂದು ಚೂರು ಮಾತ್ರ ದಾಖಲಾಗುತ್ತದೆ. 4 ಸೆಕೆಂಡ್ ಆದರೆ ಅಲುಗಾಟದ ಹೊತ್ತು ಒಟ್ಟು ಬೆಳಕಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನಡುವಿನ 1/60ರಿಂದ 1/2 ಸೆಕೆಂಡಿನವರೆಗಿನ ಪಟ್ಟಿಯಲ್ಲೇ ತೊಂದರೆ. ಕಂಪನ ದಿಕ್ಕು ಬದಲಿಸುವಾಗ ಎರಡು ತುದಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದಲ್ಲ, ಅದಕ್ಕೇ ಒಂದು ಉದ್ದ ಬ್ಲರ್ ಬದಲು ಎರಡು ಅಂಚು.

ಹೀಗೆ ಮಾಡಿ: ಲೈವ್ ವ್ಯೂಗೆ ಹೋಗಿ, ಇಲ್ಲವೇ ಮಿರರ್-ಅಪ್ ಮೋಡ್ (ಕನ್ನಡಿಯನ್ನು ಮೊದಲೇ ಎತ್ತಿಡುವುದು). ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ (ಶಟರಿನ ಮೊದಲ ಪರದೆಯ ಕೆಲಸವನ್ನು ಸೆನ್ಸರೇ ಮಾಡುವುದು) ಇದ್ದರೆ ಆನ್ ಮಾಡಿ. 2 ಸೆಕೆಂಡ್ ಟೈಮರ್ ಅಥವಾ ಕೇಬಲ್ ರಿಲೀಸ್, 300 ಮಿ.ಮೀ.ಗೆ 5 ಸೆಕೆಂಡ್ ಇನ್ನೂ ಒಳ್ಳೆಯದು. ಲೆನ್ಸಿಗೆ ಕಾಲರ್ (ಟ್ರೈಪಾಡಿಗೆ ಕೂರಿಸುವ ಬಳೆ) ಇದ್ದರೆ ಬಾಡಿಯ ಬದಲು ಕಾಲರಿನಿಂದಲೇ ಕೂರಿಸಿ. ಟ್ರೈಪಾಡಿನ ನಡುವಿನ ಕಂಬ ಪೂರ್ತಿ ಕೆಳಗಿರಲಿ. ಪಟ್ಟಿ ಗಾಳಿಗೆ ತೂಗಾಡದಂತೆ ಸುತ್ತಿಡಿ.

ಲೆನ್ಸ್ ಸ್ವಿಚ್ ಆಫ್. ಟ್ರೈಪಾಡ್ ಮೇಲೆ ಯಾಕೆ ಆಫ್ ಎಂದರೆ, ಗೈರೋ ಯಾವತ್ತೂ ಖಚಿತ ಸೊನ್ನೆ ತೋರಿಸುವುದಿಲ್ಲ. ಏನೂ ಅಲ್ಲಾಡದಿದ್ದರೂ ಚೂರು ಗದ್ದಲ ಇರುತ್ತದೆ, ಬಿಸಿ ಏರಿದಂತೆ ಚೂರು ಜರುಗುತ್ತದೆ. ಆ ಇಲ್ಲದ ಅಲುಗಾಟವನ್ನು ಸರಿಪಡಿಸಲು ಹೋಗಿ ಲೆನ್ಸೇ ಚಿತ್ರವನ್ನು ಸರಿಸುತ್ತದೆ. ಟ್ರೈಪಾಡನ್ನು ತಾನೇ ಗುರುತಿಸಿ ಸುಮ್ಮನಾಗುವ ಲೆನ್ಸ್‌ಗಳಿವೆ, ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತಾರೆ. ಬರೆದಿಲ್ಲವಾದರೆ ಆಫ್. ಮೋನೋಪಾಡ್‌ನಲ್ಲಿ ಮಾತ್ರ ಆನ್ ಇರಲಿ.

ಮಿರರ್‌ಲೆಸ್‌ಗೆ ಹೋದರೆ ಕನ್ನಡಿಯ ಹೊಡೆತ ಇರುವುದಿಲ್ಲ, ನಿಜ. ಆದರೆ ಪೂರ್ತಿ ಮೆಕ್ಯಾನಿಕಲ್ ಶಟರ್‌ನಲ್ಲಿ ತೆರೆದಿದ್ದ ಪರದೆ ಮೊದಲು ಮುಚ್ಚಿ ಮತ್ತೆ ತೆರೆಯಬೇಕು. ಆ ಹೊಡೆತ ಹಗುರ ಬಾಡಿಗಳಲ್ಲಿ 1/60ರಿಂದ 1/250ರ ನಡುವೆ ಇದೇ ತರದ ಜೋಡಿ ಅಂಚು ಕೊಡಬಹುದು. ಕೈಯಲ್ಲಿ ಹಿಡಿದಾಗಲೂ, ಸ್ಟೆಬಿಲೈಸೇಶನ್ ಎಷ್ಟೇ ಒಳ್ಳೆಯದಿದ್ದರೂ. ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಹಾಕಿದರೆ ಹೋಗುತ್ತದೆ. ಅದಕ್ಕೂ ಒಂದು ಬೆಲೆ ಇದೆ: ಎಫ್/1.4, ಎಫ್/1.8ರಂಥ ಲೆನ್ಸಿನಲ್ಲಿ 1/2000ಕ್ಕಿಂತ ವೇಗಕ್ಕೆ ಹೋದರೆ ಹಿನ್ನೆಲೆಯ ಬೆಳಕಿನ ಬಿಲ್ಲೆಗಳು ಅರ್ಧ ಕತ್ತರಿಸಿದಂತೆ ಬರುತ್ತವೆ.

ಕಂಬದ_ನೆರಳು

ಬೇಲೂರಿನ ಚಿತ್ರದ ಬಗ್ಗೆ. ಮಧ್ಯ ಚೆನ್ನ, ಮೂಲೆ ಬಿಲ್ಲು: ಇದು ರೋಲ್. ಮೂತಿ ಎತ್ತಿಲ್ಲ, ಪಕ್ಕಕ್ಕೂ ತಿರುಗಿಲ್ಲ, ಗಡಿಯಾರದ ಮುಳ್ಳಿನ ಹಾಗೆ ಕ್ಯಾಮೆರಾ ಲೆನ್ಸಿನ ಸುತ್ತ ಸುತ್ತಿದೆ. ಬಲಗೈಯ ತೋರುಬೆರಳು ಗುಂಡಿಯನ್ನು ಕೆಳಕ್ಕೆ ಒತ್ತುತ್ತದೆ, ಗುಂಡಿ ಬಾಡಿಯ ಒಂದು ತುದಿಯಲ್ಲಿದೆ, ಬಲಭಾಗ ಕೆಳಕ್ಕೆ ಹೋಗುತ್ತದೆ. ಅಷ್ಟೇ ಸಾಕು.

ಲೆನ್ಸಿನೊಳಗಿನ ಸ್ಟೆಬಿಲೈಸೇಶನ್‌ಗೆ ಇದನ್ನು ಸರಿಪಡಿಸುವ ದಾರಿಯೇ ಇಲ್ಲ. ದುಂಡಗಿನ ಗಾಜನ್ನು ಎಷ್ಟು ತಿರುಗಿಸಿದರೂ ಚಿತ್ರ ತಿರುಗುವುದಿಲ್ಲ. ತಿರುಗಿಸಬಹುದಾದದ್ದು ಸೆನ್ಸರ್ ಮಾತ್ರ.

0.1 ಡಿಗ್ರಿಯ ಲೆಕ್ಕ ಹಾಕೋಣ. 18 ಮಿ.ಮೀ.ನಲ್ಲಿ ಮೂತಿ 0.1 ಡಿಗ್ರಿ ಎದ್ದರೆ 31 ಮೈಕ್ರಾನ್, 8 ಪಿಕ್ಸೆಲ್. ಲೆನ್ಸ್ ಅದನ್ನು ಒಂದು ಪಿಕ್ಸೆಲ್ ಒಳಗೆ ಇಳಿಸಿಬಿಡುತ್ತದೆ. ಅದೇ 0.1 ಡಿಗ್ರಿ ರೋಲ್ ಆದರೆ ಮಧ್ಯದಲ್ಲಿ ಸೊನ್ನೆ, ಎಪಿಎಸ್-ಸಿ ಮೂಲೆಯಲ್ಲಿ (ಮಧ್ಯದಿಂದ 14 ಮಿ.ಮೀ.) 25 ಮೈಕ್ರಾನ್, 6 ಪಿಕ್ಸೆಲ್. ಅದು ಹಾಗೇ ಉಳಿಯುತ್ತದೆ. ರೋಲ್ ಬ್ಲರ್ ಫೋಕಲ್ ಲೆಂತ್ ಮೇಲೆ ನಿಂತಿಲ್ಲ, 18ಕ್ಕೂ 300ಕ್ಕೂ ಒಂದೇ. ಹಾಗಾಗಿಯೇ ವೈಡ್‌ನಲ್ಲಿ ನಿಧಾನ ಶಟರ್ ಹಾಕಿದಾಗ ಅದು ಎದ್ದು ಕಾಣುತ್ತದೆ.

ಬಾಡಿಯ ಸ್ಟೆಬಿಲೈಸೇಶನ್ ಗೆಲ್ಲುವುದು ಇಲ್ಲಿ. 2003ರ ಮಿನೋಲ್ಟಾ ಡಿಮಾಜ್ ಎ1ನಲ್ಲಿ ಸೆನ್ಸರ್ ಸರಿಸುವುದು ಶುರುವಾದರೂ, ರೋಲ್ ಮತ್ತು ಪಕ್ಕದ ಜರುಗುವಿಕೆ ಸೇರಿ ಐದೂ ಬಗೆಯ ಅಲುಗಾಟವನ್ನು (ಅದೇ ಐದು ಆಕ್ಸಿಸ್) ಹಿಡಿಯುವ ವ್ಯವಸ್ಥೆ ಬಂದದ್ದು 2012ರ ಒಲಿಂಪಸ್ ಇ-ಎಂ5ನಲ್ಲಿ. ಬೇಲೂರು, ಹಳೇಬೀಡಿನಂಥ ಒಳಾಂಗಣಕ್ಕೆ ಐದು ಆಕ್ಸಿಸ್ ಇರುವ ಬಾಡಿ ತಂದರೆ ಹಣ ವ್ಯರ್ಥವಲ್ಲ. ಶಿಲೆ ಅಲ್ಲಾಡುವುದಿಲ್ಲ, ಸ್ಟೆಬಿಲೈಸೇಶನ್‌ಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗಲಾರದು. ನವರಂಗದ ಕಡೆದ ಕಂಬಗಳ ಮೈಮೇಲೆ ಬಾಗಿಲಿನ ಬೆಳಕು ಬಳೆ ಬಳೆಯಾಗಿ ಜಾರುವುದನ್ನು ಐಎಸ್‌ಒ 400ರಲ್ಲಿ ಹಿಡಿಯುವುದಕ್ಕೂ 3200ರಲ್ಲಿ ಹಿಡಿಯುವುದಕ್ಕೂ ಅಜಗಜಾಂತರ.

ಈಗಿರುವ ಕ್ಯಾಮೆರಾದಲ್ಲೇ ಮಾಡುವುದಾದರೆ ದಾರ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು, ಜೇಬಿನೊಳಗಿನ ದಾರ ಟ್ರೈಪಾಡ್ ಅಲ್ಲ. ಬೇಕಾದದ್ದು: ಕಾಲು ಇಂಚಿನ, ಇಂಚಿಗೆ 20 ಹಲ್ಲಿನ ಕೊಂಡಿ ಬೋಲ್ಟ್ ಒಂದು, ಎಳೆದರೆ ಅಷ್ಟಾಗಿ ಹಿಗ್ಗದ ಪಾಲಿಯೆಸ್ಟರ್ ಹಗ್ಗ (ನೈಲಾನ್ ಹಿಗ್ಗುತ್ತದೆ) 3 ಮಿ.ಮೀ. ದಪ್ಪದ್ದು, ಸುಮಾರು 4 ಮೀಟರ್. ಬೋಲ್ಟ್ ಕ್ಯಾಮೆರಾದ ಟ್ರೈಪಾಡ್ ತೂತಿಗೆ ಕೈಯಲ್ಲಿ ಬಿಗಿಮಾಡಿ, ಪಕ್ಕಡ ಹಾಕಬೇಡಿ. ಒಳಗೆ 4.5 ಮಿ.ಮೀ.ಗಿಂತ ಹೆಚ್ಚು ಹೋಗದಂತೆ ವಾಷರ್ ಹಾಕಿ, ಇಲ್ಲವಾದರೆ ತಳ ಒಡೆದು ಒಳಗಿನ ಬೋರ್ಡಿಗೆ ತಾಗಬಹುದು. ಹಗ್ಗವನ್ನು ಕೊಂಡಿಯೊಳಗೆ ತೂರಿಸಿ ಎರಡೂ ತುದಿಗೆ ಕುಣಿಕೆ ಕಟ್ಟಿ, ಒಂದೊಂದು ಕಾಲಿಗೆ ಒಂದೊಂದು ಕುಣಿಕೆ. ಕಾಲು ಭುಜದಗಲ ಇಟ್ಟು ಕ್ಯಾಮೆರಾವನ್ನು ಮೇಲಕ್ಕೆ ಎಳೆದು ಹಿಡಿಯಿರಿ. ಒಂದೇ ಕಾಲಿನ ದಾರ ಮೇಲೆ-ಕೆಳಗಿನದನ್ನು ಮಾತ್ರ ತಡೆಯುತ್ತದೆ. ಎರಡು ಕಾಲಿನ ತ್ರಿಕೋನ ಪಕ್ಕದ ಓಲಾಟವನ್ನೂ ತಡೆಯುತ್ತದೆ. ಕೊಂಡಿಯಲ್ಲಿ ಹಗ್ಗ ಜಾರದಂತೆ ಒಂದು ಗಂಟು ಹಾಕಿ. ಬರಿಗಾಲಲ್ಲಿ ಇರುತ್ತೀರಿ, ಹಗ್ಗ ಬೆರಳ ಸಂದಿಗೆ ಬೇಡ, ಅಂಗಾಲಿನ ಮಧ್ಯಕ್ಕೆ ಬರಲಿ.

ಇನ್ನು ಬೆರಳು. ಗುಂಡಿಯನ್ನು ಕುಟ್ಟಬೇಡಿ, ಬೆರಳನ್ನು ಅದರ ಮೇಲೆ ಉರುಳಿಸಿ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ. ನಿರಂತರ ಶೂಟಿಂಗ್‌ನಲ್ಲಿ ನಾಲ್ಕೈದು ಫ್ರೇಮ್ ತೆಗೆಯಿರಿ: ಮೊದಲನೆಯದರಲ್ಲಿ ಒತ್ತಿದ ಹೊಡೆತ ಇರುತ್ತದೆ, ಕೊನೆಯದರಲ್ಲಿ ಬೆರಳೆತ್ತಿದ ಹೊಡೆತ, ನಡುವಿನವು ಶುದ್ಧ. ಅಥವಾ 2 ಸೆಕೆಂಡ್ ಟೈಮರ್ ಹಾಕಿ ಬೆರಳನ್ನೇ ತೆಗೆದುಬಿಡಿ.

ಬೆಳ್ಳಕ್ಕಿ

ಮೂವರಿಗೂ ಧನ್ಯವಾದ. ದೋಣಿಯ ಜರುಗುವಿಕೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇನ್ನೆರಡು ಪ್ರಶ್ನೆ.

ಐದು ಆಕ್ಸಿಸ್ ಬಾಡಿ ತೆಗೆದುಕೊಂಡರೆ ಹಳೆಯ 50 ಮಿ.ಮೀ. ಮತ್ತು 135 ಮಿ.ಮೀ. ಮ್ಯಾನ್ಯುಯಲ್ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಬಳಸುವ ಯೋಚನೆ ಇದೆ. ಅವಕ್ಕೂ ಸ್ಟೆಬಿಲೈಸೇಶನ್ ಸಿಗುತ್ತದೆಯೇ? ಮತ್ತು ಕಂಪನಿಯವರು 7 ಸ್ಟಾಪ್, 8 ಸ್ಟಾಪ್ ಎನ್ನುತ್ತಾರೆ. ಅದನ್ನು ಎಷ್ಟರಮಟ್ಟಿಗೆ ನಂಬಬಹುದು, ನನ್ನ ಕೈಗೆ ಎಷ್ಟು ಸಿಗುತ್ತದೆ ಎಂದು ಮನೆಯಲ್ಲೇ ಅಳೆಯುವುದು ಹೇಗೆ?

ನಾಭಿದೂರ

ಮೊದಲು, 1/500ರ ವಿಷಯದಲ್ಲಿ ಎರಡನೇ_ಪರದೆ ಅವರು ಹೇಳಿದ್ದು ಸರಿ, ಈಗಿನ ಲೆನ್ಸ್‌ಗಳಿಗೆ ನನ್ನ ಮಾತು ಹೊಂದುವುದಿಲ್ಲ.

ಹಳೆಯ ಲೆನ್ಸಿಗೂ ಸಿಗುತ್ತದೆ, ಆದರೆ ಫೋಕಲ್ ಲೆಂತನ್ನು ನೀವೇ ಮೆನುವಿನಲ್ಲಿ ತುಂಬಬೇಕು. ಗೈರೋ ಕೊಡುವುದು ಕೋನ. ಸೆನ್ಸರ್ ಎಷ್ಟು ಮಿ.ಮೀ. ಸರಿಯಬೇಕು ಎಂಬುದು ಕೋನ ಮತ್ತು ಫೋಕಲ್ ಲೆಂತ್ ಎರಡನ್ನೂ ಗುಣಿಸಿದರೆ ತಾನೇ ಸಿಗುವುದು. ಲೆನ್ಸ್ ಮೇಲೆ ಬರೆದ ಅಂಕಿಯನ್ನೇ ಹಾಕಿ, 1.5ರಿಂದ ಗುಣಿಸಬೇಡಿ. 135 ತೆಗೆದು 50 ಹಾಕಿದ ಮೇಲೆ ಅಂಕಿ ಬದಲಿಸಲು ಮರೆತರೆ ಸೆನ್ಸರ್ ಬೇಕಾದ್ದಕ್ಕಿಂತ 2.7 ಪಟ್ಟು ಓಡುತ್ತದೆ, ಆಫ್ ಮಾಡಿದ್ದಕ್ಕಿಂತ ಕೆಟ್ಟ ಚಿತ್ರ ಬರುತ್ತದೆ. ಉಲ್ಟಾ ಮರೆತರೆ ಅರ್ಧಕ್ಕಿಂತ ಕಡಿಮೆ ತಿದ್ದುತ್ತದೆ. 1.4 ಟೆಲಿಕನ್ವರ್ಟರ್ (ಫೋಕಲ್ ಲೆಂತನ್ನು 1.4 ಪಟ್ಟು ಹೆಚ್ಚಿಸುವ ಜೋಡಣೆ) ಹಾಕಿದರೆ ಮಾತ್ರ ಗುಣಿಸಿ ಹಾಕಬೇಕು. ಚಿಪ್ ಇಲ್ಲದ ಲೆನ್ಸಿನಲ್ಲಿ ಫೋಕಸ್ ದೂರ ಕ್ಯಾಮೆರಾಗೆ ಗೊತ್ತಾಗುವುದಿಲ್ಲ, ಹಾಗಾಗಿ ಪಕ್ಕದ ಜರುಗುವಿಕೆಯ ತಿದ್ದುಪಡಿ ಅವಕ್ಕೆ ಸಿಗುವುದಿಲ್ಲ. ಮೂರು ಆಕ್ಸಿಸ್ ಉಳಿಯುತ್ತದೆ, ರೋಲ್ ಸೇರಿ.

ಮ್ಯಾಕ್ರೋ (ತೀರ ಹತ್ತಿರದಿಂದ ಚಿಕ್ಕ ವಸ್ತುಗಳ ಫೋಟೋ) ತೆಗೆಯುವವರಿಗೆ ಮಾತ್ರ ಆ ಪಕ್ಕದ ಜರುಗುವಿಕೆ ದೊಡ್ಡದು. 1:1ರಲ್ಲಿ, ಅಂದರೆ ವಸ್ತು ತನ್ನ ನಿಜ ಗಾತ್ರದಲ್ಲೇ ಸೆನ್ಸರ್ ಮೇಲೆ ಮೂಡುವಾಗ, ಕೈ 0.1 ಮಿ.ಮೀ. ಜರುಗಿದರೆ ಸೆನ್ಸರ್ ಮೇಲೂ 0.1 ಮಿ.ಮೀ., ನಿಮ್ಮ ಬಾಡಿಯಲ್ಲಿ 25 ಪಿಕ್ಸೆಲ್. ಅದಕ್ಕೇ 2009ರಲ್ಲಿ ಕ್ಯಾನನ್ ತನ್ನ 100 ಮಿ.ಮೀ. ಎಲ್ ಮ್ಯಾಕ್ರೋಗೆ ಗೈರೋ ಜೊತೆ ಆಕ್ಸೆಲರೋಮೀಟರನ್ನೂ (ಜರುಗುವಿಕೆಯನ್ನು ಗುರುತಿಸುವ ಸೆನ್ಸರ್) ಸೇರಿಸಿತು. ಹಿಂದೆ-ಮುಂದೆ ತೂಗಾಡಿ ಫೋಕಸ್ ತಪ್ಪುವುದನ್ನು ಅದೂ ತಡೆಯುವುದಿಲ್ಲ.

ಸ್ಟಾಪ್ ಅಂಕಿಗಳು ಸುಳ್ಳಲ್ಲ, ಆದರೆ ಅಳೆದ ಸ್ಥಿತಿ ನಿಮ್ಮದಲ್ಲ. ಜಪಾನಿನ ಕ್ಯಾಮೆರಾ ಕಂಪನಿಗಳ ಸಂಘ ಸಿಪಾ 2012ರಲ್ಲಿ ಇದಕ್ಕೆ ಒಂದು ಮಾನದಂಡ ತಂದಿತು. ನೆಲದ ಮೇಲೆ ನಿಂತವರ ಕೈನಡುಕವನ್ನು ಹೋಲುವ ಕಂಪನವನ್ನು ಯಂತ್ರದಿಂದ ಕೊಟ್ಟು ಅಳೆಯುತ್ತಾರೆ. ಅದರಲ್ಲಿ ದೋಣಿ ಇಲ್ಲ, ಗಾಳಿ ಇಲ್ಲ, ಬೆಟ್ಟ ಹತ್ತಿ ಏದುಸಿರು ಬಿಡುವವರೂ ಇಲ್ಲ. ಒಂದು ನಿರ್ದಿಷ್ಟ ಲೆನ್ಸ್ ಜೊತೆಗಿನ ಅಂಕಿ ಅದು, ಬೇರೆ ಲೆನ್ಸಿಗೆ ಬೇರೆ. 300 ಮಿ.ಮೀ. ದಾಟಿದರೆ ಬಾಡಿಯೊಂದೇ ಹೆಚ್ಚು ಮಾಡಲಾರದು: 400 ಮಿ.ಮೀ.ನಲ್ಲಿ ಅರ್ಧ ಡಿಗ್ರಿಗೆ ಸೆನ್ಸರ್ 3.5 ಮಿ.ಮೀ. ಓಡಬೇಕು, ಅಷ್ಟು ಜಾಗ ಒಳಗೆ ಕಷ್ಟ. ಅಲ್ಲಿ ಲೆನ್ಸಿನ ಸ್ಟೆಬಿಲೈಸೇಶನ್ನೇ ಮೇಲು, ಎರಡೂ ಕೂಡಿ ಕೆಲಸ ಮಾಡುವ ಜೋಡಿ ಸಿಕ್ಕರೆ ಇನ್ನೂ ಮೇಲು.

ಇನ್ನೊಂದು ಮಿತಿ ನನಗೆ ಯಾವಾಗಲೂ ಬೆರಗು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಸೂಕ್ಷ್ಮ ಗೈರೋಗೆ ಅದೂ ಕಾಣುತ್ತದೆ. ಎದುರಿನ ಕಂಬವೂ ಕ್ಯಾಮೆರಾದ ಜೊತೆಗೇ ತಿರುಗುತ್ತಿದೆ ಎಂದು ಅದಕ್ಕೆ ತಿಳಿಯುವುದಿಲ್ಲ. 4 ಸೆಕೆಂಡಿಗೆ 25 ಮಿ.ಮೀ.ನಲ್ಲಿ ಸುಮಾರು 7 ಮೈಕ್ರಾನ್, ಎರಡು ಪಿಕ್ಸೆಲ್ ತಪ್ಪು ತಿದ್ದುಪಡಿ. ಪೆಂಟಾಕ್ಸ್ ಇದೇ ಸೆನ್ಸರ್ ಸರಿಸುವ ಯಂತ್ರವನ್ನು 2011ರಲ್ಲಿ ಜಿಪಿಎಸ್ ಜೊತೆ ಸೇರಿಸಿ, ಟ್ರೈಪಾಡ್ ಮೇಲಿಂದ ನಕ್ಷತ್ರಗಳನ್ನು ಹಿಂಬಾಲಿಸುವಂತೆ ಮಾಡಿತು.

ಅಳೆಯುವುದು ಹೀಗೆ. ಗೋಡೆಗೆ ದಿನಪತ್ರಿಕೆಯ ಹಾಳೆ ಅಂಟಿಸಿ. ದೂರ ಫೋಕಲ್ ಲೆಂತಿನ 40 ಪಟ್ಟು: 300ಕ್ಕೆ 12 ಮೀಟರ್, 50ಕ್ಕೆ 2 ಮೀಟರ್. ಎಫ್/8, ಐಎಸ್‌ಒ ಆಟೋ. ಒಮ್ಮೆ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ತಿರುಗಿಸಿ, ಆದರೆ ನಿಂತ ಜಾಗ ಬದಲಿಸಬೇಡಿ. ಆಫ್ ಮಾಡಿ 1/500, 1/250, 1/125, 1/60ರಲ್ಲಿ ಹತ್ತತ್ತು ಫ್ರೇಮ್. ಆನ್ ಮಾಡಿ 1/125, 1/60, 1/30, 1/15, 1/8ರಲ್ಲಿ ಹತ್ತತ್ತು. ಒಂದೊಂದು ಫ್ರೇಮಿನ ನಡುವೆ ಕ್ಯಾಮೆರಾ ಕೆಳಗಿಳಿಸಿ ಮತ್ತೆ ಎತ್ತಿ, ಬರ್ಸ್ಟ್ ಬೇಡ. ಕಂಪ್ಯೂಟರಿನಲ್ಲಿ 100%ಗೆ ಹಿಗ್ಗಿಸಿ, ಸಣ್ಣ ಅಕ್ಷರದ ಒತ್ತು, ಕೊಂಬು ಬಿಡಿಬಿಡಿಯಾಗಿ ಕಾಣುತ್ತಿವೆಯೇ ನೋಡಿ. ಹತ್ತರಲ್ಲಿ ಎಂಟು ಶಾರ್ಪ್ ಬರುವ ಅತಿ ನಿಧಾನದ ಶಟರ್ ಎರಡೂ ಪಟ್ಟಿಯಲ್ಲಿ ಗುರುತಿಸಿ. ಆಫ್‌ನಲ್ಲಿ 1/250, ಆನ್‌ನಲ್ಲಿ 1/30 ಬಂದರೆ ನಿಮಗೆ ಸಿಗುತ್ತಿರುವುದು 3 ಸ್ಟಾಪ್. ಆ 1/30 ನಿಮ್ಮ ಕೈಯ ಅಂಕಿ, ಪೆಟ್ಟಿಗೆ ಮೇಲಿನದನ್ನು ಮರೆಯಿರಿ. ಇನ್ನೂ ನಿಧಾನಕ್ಕೆ ಇಳಿಯಲೇಬೇಕಾದರೆ ಇಳಿಯಿರಿ, ಹತ್ತರಲ್ಲಿ ಎರಡೋ ಮೂರೋ ಸಿಗುತ್ತವೆ ಎಂದು ಗೊತ್ತಿದ್ದು ಹೆಚ್ಚು ಫ್ರೇಮ್ ತೆಗೆಯಿರಿ.

ಎರಡನೇ_ಪರದೆ

ಐಬಿಸ್ (ಬಾಡಿಯೊಳಗೇ ಸ್ಟೆಬಿಲೈಸೇಶನ್) ಇರುವ ಬಾಡಿ ಕೈಗೆ ಬಂದಾಗ ಗಾಬರಿಯಾಗದಿರಲು ಒಂದು ಮಾತು. ಆಫ್ ಮಾಡಿ ಅಲ್ಲಾಡಿಸಿದರೆ ಹಲವು ಬಾಡಿಗಳಲ್ಲಿ ಒಳಗೆ ಟಕ್ ಟಕ್ ಸದ್ದು ಬರುತ್ತದೆ. ಕರೆಂಟ್ ಇಲ್ಲದಾಗ ಸೆನ್ಸರ್ ಹಿಡಿತವಿಲ್ಲದೆ ತೂಗುತ್ತಿರುತ್ತದೆ, ಅದು ಕೆಟ್ಟಿಲ್ಲ. ಸೆನ್ಸರ್ ಒರೆಸುವಾಗ ಮಾತ್ರ ಮ್ಯಾನ್ಯುಯಲ್ ಹೇಳಿದ ಕ್ಲೀನಿಂಗ್ ಮೋಡಿನಲ್ಲೇ ಒರೆಸಿ, ಬೆರಳಿನ ಭಾರ ಹಾಕಬೇಡಿ. ಲೆನ್ಸಿನ ಸ್ಟೆಬಿಲೈಸೇಶನ್ ಗುಂಯ್ ಎನ್ನುತ್ತಿರುವಾಗ ಲೆನ್ಸ್ ಕಳಚಬೇಡಿ. ಸದ್ದು ನಿಂತು ಗಾಜು ತನ್ನ ಬೀಗಕ್ಕೆ ಬರಲು ಒಂದೆರಡು ಸೆಕೆಂಡ್ ಬಿಡಿ.

ಬಂಡೀಪುರ, ಕಬಿನಿ ಕಡೆಯ ಸಫಾರಿ ಜೀಪ್ ಬಗ್ಗೆ ಕೇಳಿಲ್ಲವಾದರೂ ಸೇರಿಸುತ್ತೇನೆ. ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ 750 ಆರ್‌ಪಿಎಂನಲ್ಲಿ ನಿಂತು ಉರಿಯುವಾಗ ಸೆಕೆಂಡಿಗೆ 25 ಸಲ ಕಂಪಿಸುತ್ತದೆ. ಕೈನಡುಕಕ್ಕಿಂತ ಎಷ್ಟೋ ವೇಗ, ಕೈನಡುಕಕ್ಕೆಂದು ಹದ ಮಾಡಿದ ವ್ಯವಸ್ಥೆ ಅದನ್ನು ಪೂರ್ತಿ ಹಿಡಿಯಲಾರದು. ಎಂಜಿನ್ ಆಫ್ ಮಾಡಿಸುವುದೇ ಮೊದಲ ಸ್ಟೆಬಿಲೈಸೇಶನ್. ಆಗದಿದ್ದರೆ ಕಂಬಿಯ ಮೇಲೆ ಅಕ್ಕಿ ಅಥವಾ ಹೆಸರುಕಾಳು ತುಂಬಿದ ಬೀನ್ ಬ್ಯಾಗ್, ಮುಕ್ಕಾಲು ಭಾಗ ಮಾತ್ರ ತುಂಬಿ, 1/500. ಬಿಗಿಯಾಗಿ ತುಂಬಿದ ಚೀಲ ಕಂಬಿಯ ನಡುಕವನ್ನು ಹಾಗೇ ಲೆನ್ಸಿಗೆ ದಾಟಿಸುತ್ತದೆ.

ಫೋನ್ ಬಳಸುವವರಿಗೂ ಇದೇ ಕಂಪನ ಶತ್ರು. ಬೈಕಿನ ಹ್ಯಾಂಡಲ್‌ಗೆ ಫೋನ್ ಕಚ್ಚಿಸಿ ಮ್ಯಾಪ್ ನೋಡುತ್ತಾ ಹೋಗುವುದು ಈಗ ಎಲ್ಲೆಡೆ ಇದೆ. ಫೋನಿನ ಕ್ಯಾಮೆರಾದೊಳಗೂ ಇದೇ ಗೈರೋ, ಇದೇ ಕಾಯಿಲ್-ಮ್ಯಾಗ್ನೆಟ್, ತೂಗುವ ಪುಟ್ಟ ಲೆನ್ಸ್ ಇವೆ. ಹೆಚ್ಚು ಶಕ್ತಿಯ ಬೈಕ್ ಎಂಜಿನ್ನಿನ ಕಂಪನಕ್ಕೆ ಬಹಳ ಹೊತ್ತು ಒಡ್ಡಿದರೆ ಸ್ಟೆಬಿಲೈಸೇಶನ್ ಮತ್ತು ಆಟೋಫೋಕಸ್ ಕೆಡಬಹುದು ಎಂದು ಆಪಲ್ 2021ರಲ್ಲಿ ತಾನೇ ಎಚ್ಚರಿಸಿದೆ. ರಬ್ಬರ್ ಡ್ಯಾಂಪರ್ ಇರುವ ಹೋಲ್ಡರ್ ಹಾಕಿ. ದೂರದ ದಾರಿಗೆ ಫೋನ್ ಜೇಬಿನಲ್ಲಿಟ್ಟು ದಾರಿಯನ್ನು ಇಯರ್‌ಫೋನಿನಲ್ಲಿ ಕೇಳಿಸಿಕೊಳ್ಳಿ.